ಎಣಿಸುವವರು ಹತ್ತು ಮಂದಿ, ತಿದ್ದುವವರು ಯಾರು?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪೆಸಿಫಿಕ್ ಸಾಗರದ ವನುವಾಟು ದೇಶದಲ್ಲಿ ಚಂಡಮಾರುತ, ಭೂಕಂಪ, ಜ್ವಾಲಾಮುಖಿಗಳಿಂದಾದ ನಷ್ಟದ ಲೆಕ್ಕ ಹೇಗೆ ಇಡುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಕೆಲಕಾಲ ಅಲ್ಲಿನ ರಾಜಧಾನಿ ಪೋರ್ಟ್ ವಿಲಾದಲ್ಲಿ ಅಂಕಿಅಂಶದ ಕೆಲಸ ಮಾಡಿದವಳ ಅನುಭವ ಅದು. ಬಂದ ಪತ್ರಗಳಲ್ಲಿ ಚಂಡಮಾರುತದ ಬಗ್ಗೆ ಕೇಳಿದವರು ಕಡಿಮೆ, ಲೆಕ್ಕದ ಬಗ್ಗೆ ಕೇಳಿದವರೇ ಹೆಚ್ಚು. ಕಂದಾಯ ಇಲಾಖೆಯ ನಿವೃತ್ತರು ಈ ಪತ್ರಿಕೆಯನ್ನು ಇಷ್ಟು ಆಸ್ಥೆಯಿಂದ ಓದುತ್ತಾರೆಂದು ಸಂಪಾದಕರಿಗೂ ತಿಳಿದಿರಲಿಕ್ಕಿಲ್ಲ.

ಪ್ರಶ್ನೆ: ವನುವಾಟುವಿನ ಜನಸಂಖ್ಯೆ ಮೂರು ಲಕ್ಷದಷ್ಟು ಎಂದಿದ್ದೀರಿ. ನಮ್ಮಲ್ಲಿ ಒಂದು ತಾಲ್ಲೂಕು. ಅಷ್ಟು ಜನರ ನಷ್ಟ ಎಣಿಸಲು ಇಷ್ಟೇಕೆ ಪಾಡು?
– ವಿದ್ಯಾರ್ಥಿನಿ, ಧಾರವಾಡ

ತಾಲ್ಲೂಕಿಗೆ ಬಸ್ಸಿದೆ ತಾಯಿ! ಅಲ್ಲಿ ಇರುವುದು 83 ದ್ವೀಪ, ಅವುಗಳಲ್ಲಿ ಸುಮಾರು 65ರಲ್ಲಿ ಜನವಸತಿ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸಾವಿರ ಕಿಲೋಮೀಟರಿಗೂ ಮೀರಿದ ಸಮುದ್ರ. ನೂರಕ್ಕೂ ಹೆಚ್ಚು ಊರುಭಾಷೆಗಳು, ಅವನ್ನೆಲ್ಲ ಜೋಡಿಸುವ ಬಿಸ್ಲಾಮ ಎಂಬ ಸಾಮಾನ್ಯ ಭಾಷೆ. ಗಾಳಿ ಬೀಸಿದ ಮರುದಿನ ಫೋನಿನ ಟವರ್ ಮಲಗಿರುತ್ತದೆ, ಹುಲ್ಲಿನ ರನ್‌ವೇ ಮೇಲೆ ಮರ ಬಿದ್ದಿರುತ್ತದೆ, ದೋಣಿಗೆ ಕಡಲು ಬಿಡುವುದಿಲ್ಲ.

ಆದರೂ ದೂರವನ್ನು ದೂರಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಎಣಿಸುವವರಿಗೆ ಅಲ್ಲಿ ಬರವಿಲ್ಲ. ಆರೋಗ್ಯದವರು ಚಿಕಿತ್ಸಾಲಯ ಎಣಿಸುತ್ತಾರೆ, ಶಿಕ್ಷಣದವರು ಶಾಲೆಯ ಚಾವಣಿ, ಕೃಷಿಯವರು ತೋಟ, ರೆಡ್‌ಕ್ರಾಸ್‌ನವರು ಹಂಚಿದ ಟಾರ್ಪಾಲು, ಚರ್ಚಿನವರು ತಮ್ಮ ಸಭೆಯ ಕುಟುಂಬಗಳು. ಒಬ್ಬೊಬ್ಬರದು ಒಂದೊಂದು ನಮೂನೆ, ಒಂದೇ ಹಳ್ಳಿಗೆ ಮೂರು ಬಗೆಯ ಕಾಗುಣಿತ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಅದೇ ಕಥೆ.

ಒಂದು ಉದಾಹರಣೆ ಸಾಕು. ಅಲ್ಲಿನ ಹಳ್ಳಿಗಳಲ್ಲಿ ಮಲಗುವ ಮನೆ ಬೇರೆ, ಅಡುಗೆಯ ಮನೆ ಬೇರೆ. ಅಡುಗೆಯದು ಹೆಚ್ಚಾಗಿ ಗರಿಯ ಮಾಡಿನದು, ಅಂಗಳದ ಆಚೆ ಬದಿಗೆ. ಗಾಳಿಗೆ ಅಡುಗೆಮನೆ ಹಾರಿಹೋಯಿತು, ಮಲಗುವ ಮನೆ ನಿಂತಿದೆ ಎನ್ನಿ. ಒಬ್ಬರ ನಮೂನೆಯಲ್ಲಿ ಇದು ‘ಪೂರ್ಣ ನಾಶವಾದ ಕಟ್ಟಡ: 1’. ಇನ್ನೊಬ್ಬರಲ್ಲಿ ‘ಭಾಗಶಃ ಹಾನಿಯಾದ ಮನೆ: 1’. ಮೂರನೆಯವರ ಪ್ರಕಾರ ಅಡುಗೆಮನೆ ವಾಸದ ಮನೆಯಲ್ಲ, ಹಾಗಾಗಿ ಸೊನ್ನೆ. ಈ ಮೂರೂ ಹಾಳೆಗಳು ರಾಜಧಾನಿಗೆ ಬಂದು ಒಂದೇ ಕಂಬಸಾಲಿನಲ್ಲಿ ಕೂಡಿಕೊಳ್ಳುತ್ತವೆ. ಯಾರೂ ಸುಳ್ಳು ಬರೆದಿಲ್ಲ, ಆದರೆ ಮೊತ್ತಕ್ಕೆ ಅರ್ಥವಿಲ್ಲ. ಅದೇ ಮನೆಯ ಹೆಂಗಸು ಮಳೆಯಲ್ಲಿ ಒಲೆ ಹೊತ್ತಿಸಲು ಪಡುವ ಕಷ್ಟ ಯಾವ ಹಾಳೆಯಲ್ಲೂ ಇಲ್ಲ.

ಪ್ರಶ್ನೆ: ಪಾಮ್ ಚಂಡಮಾರುತದಲ್ಲಿ ಸತ್ತವರು 11 ಎಂದು ನೀವು ಬರೆದಿರಿ. ಹಳೆಯ ಪತ್ರಿಕೆಯಲ್ಲಿ 24 ಎಂದಿದೆ. ಯಾವುದು ಸರಿ?
– ಓದುಗರು, ತುಮಕೂರು

ಆ ಹಳೆಯ ಪತ್ರಿಕೆಯೂ ತಪ್ಪು ಮಾಡಿಲ್ಲ. 2015ರ ಮಾರ್ಚ್ 13ರಂದು ಪಾಮ್ ಅಪ್ಪಳಿಸಿದ ಮೊದಲ ದಿನಗಳಲ್ಲಿ ವಿಶ್ವಸಂಸ್ಥೆಯೇ 24 ಎಂದಿತು, ನಂತರ ತಾನೇ 11ಕ್ಕೆ ಇಳಿಸಿತು. ಸಂತ್ರಸ್ತರ ಸಂಖ್ಯೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು, ಮೊದಲು 1,66,000 ಇದ್ದದ್ದು ಸರ್ಕಾರದ ಅಂತಿಮ ಮೌಲ್ಯಮಾಪನದಲ್ಲಿ 1,88,000.

ಇದರಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ವಿಪತ್ತು ನಷ್ಟವನ್ನು ಪ್ರತಿ ದೇಶವೂ ಅಳೆದು ವರದಿ ಮಾಡಬೇಕೆಂಬ ಸೆಂಡೈ ಒಪ್ಪಂದ ಜಪಾನಿನಲ್ಲಿ ಅಂತಿಮಗೊಳ್ಳುತ್ತಿದ್ದದ್ದು ಅದೇ ವಾರ. ವನುವಾಟುವಿನ ಆಗಿನ ಅಧ್ಯಕ್ಷ ಬಾಲ್ಡ್‌ವಿನ್ ಲಾನ್ಸ್‌ಡೇಲ್ ಆ ಸಮ್ಮೇಳನದಲ್ಲಿದ್ದರು. ತಮ್ಮ ದೇಶ ನೆಲಕಚ್ಚಿದ ಸುದ್ದಿ ಅವರಿಗೆ ಅಲ್ಲಿಯೇ ಮುಟ್ಟಿತು, ನೆರವಿಗಾಗಿ ಮನವಿಯನ್ನೂ ಅವರು ಅಲ್ಲಿಂದಲೇ ಮಾಡಿದರು.

ಸಂಖ್ಯೆ ಬದಲಾಗುವುದು ನಾಚಿಕೆಗೇಡೇನಲ್ಲ. ಮೊದಲ ದಿನದ ಸಂಖ್ಯೆ ಎಂದರೆ ರೇಡಿಯೋದಲ್ಲಿ ಕೇಳಿದ್ದು. ಆದರೆ ತಿದ್ದಿದ ಸಂಖ್ಯೆಗೆ ಒಂದು ಮನೆ ಬೇಕು. ಯಾವ ದಿನ, ಯಾರು, ಯಾಕೆ ಬದಲಿಸಿದರು ಎಂದು ಬರೆಯುವ ಕಂಬಸಾಲು ನಾನು ನೋಡಿದ ಕಡತಗಳಲ್ಲಿ ಅಪರೂಪಕ್ಕೆ ಇರುತ್ತಿತ್ತು. ಅದು ಇಲ್ಲದಿದ್ದರೆ 24 ಒಂದು ಕಡೆ, 11 ಇನ್ನೊಂದು ಕಡೆ ತಮ್ಮ ಪಾಡಿಗೆ ತಾವು ಬದುಕಿಕೊಂಡಿರುತ್ತವೆ, ಹತ್ತು ವರ್ಷದ ಮೇಲೆ ನೀವು ನನಗೆ ಕಾಗದ ಬರೆಯುತ್ತೀರಿ.

ಪ್ರಶ್ನೆ: ನಾನು ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿದ್ದೆ. ನೆರೆ ಬಂದಾಗ ಪಂಚನಾಮೆ, ಜಂಟಿ ಸಮೀಕ್ಷೆ, ಸರ್ವೆ ನಂಬರ್ ಹಿಡಿದು ಬೆಳೆ ನಷ್ಟ, ಶೇ 33ಕ್ಕಿಂತ ಮೇಲಿದ್ದರೆ ಪರಿಹಾರ. ಈ ಪದ್ಧತಿಯನ್ನೇ ಅಲ್ಲಿಗೆ ಒಯ್ಯಬಾರದೇ?
– ನಿವೃತ್ತ ಗ್ರಾಮ ಲೆಕ್ಕಿಗರು, ಹಾವೇರಿ

ಒಯ್ಯಬಹುದಾದ್ದು ಒಂದಿದೆ, ಒಯ್ಯಲಾಗದ್ದು ಒಂದಿದೆ.

ಒಯ್ಯಲಾಗದ್ದು ಸರ್ವೆ ನಂಬರು. ವನುವಾಟುವಿನ ಸಂವಿಧಾನದ ಪ್ರಕಾರ ದೇಶದ ನೆಲವೆಲ್ಲ ಅಲ್ಲಿನ ಮೂಲನಿವಾಸಿ ಒಡೆಯರದು, ಸಂಪ್ರದಾಯದ ಹಕ್ಕಿನಿಂದ ಬಂದದ್ದು. ಹಳ್ಳಿಯ ತೋಟಗಳಲ್ಲಿ ಹೆಚ್ಚಿನವಕ್ಕೆ ಪಹಣಿಯಂಥ ಕಾಗದವೇ ಇಲ್ಲ. ಈ ವರ್ಷ ಈ ಇಳಿಜಾರಿನಲ್ಲಿ ಕಡಿದು ನೆಟ್ಟರೆ, ಮುಂದಿನ ಸಲ ಇನ್ನೊಂದು ಕಡೆ. ಮುಡಿಗೆಣಸಿನ ಜಾತಿಯ ಯಾಮ್, ಕೆಸು, ಬಾಳೆ, ಮರಗೆಣಸು, ಬೆಂಡೆಯ ಕುಲದ ಒಂದು ಸೊಪ್ಪು, ನಡುವೆ ಕಾವಾ ಗಿಡ, ಎಲ್ಲ ಒಟ್ಟಿಗೆ. ಶೇ 33 ಎನ್ನಲು ನೂರು ಎಷ್ಟು ಎಂದು ಮೊದಲೇ ಗೊತ್ತಿರಬೇಕಲ್ಲ? ಪಾಮ್ ಬೀಸಿದಾಗ ಆಹಾರದ ಬೆಳೆಯಲ್ಲಿ ಶೇ 96ಕ್ಕೂ ಹೆಚ್ಚು ಹೋಯಿತು ಎಂಬ ಅಂದಾಜು ಲೋಕವೆಲ್ಲ ಸುತ್ತಿತು. ದಕ್ಷಿಣದ ಟನ್ನಾ ದ್ವೀಪದ ತೋಟಗಳ ಅವಸ್ಥೆ ಕಂಡವರಿಗೆ ಅದು ಅತಿ ಎನಿಸಲಿಲ್ಲ. ಆದರೆ ಆ 96ರ ಕೆಳಗಿನ ನೂರು ಯಾರ ಪುಸ್ತಕದಲ್ಲಿತ್ತು? ಮೇಲಾಗಿ ಅದೇ ವರ್ಷ ಎಲ್ ನಿನೋ ಬರ ಬಂತು. ಮತ್ತೆ ನೆಟ್ಟದ್ದು ಒಣಗಿದರೆ ಅದನ್ನು ಪಾಮ್ ಖಾತೆಗೆ ಹಾಕಬೇಕೋ ಬರದ ಖಾತೆಗೋ?

ಒಯ್ಯಬಹುದಾದ್ದು ನೀವೇ. ಅಂದರೆ, ಊರಲ್ಲೇ ಇದ್ದು, ಯಾರ ಮನೆಯಲ್ಲಿ ಎಷ್ಟು ಜನ ಎಂದು ನೆರೆಗೆ ಮುಂಚೆಯೇ ಗೊತ್ತಿರುವ ಮನುಷ್ಯ. ವನುವಾಟುವಿನಲ್ಲಿ ಆರು ಪ್ರಾಂತ್ಯ, ಅವುಗಳ ಕೆಳಗೆ ಏರಿಯಾ ಕೌನ್ಸಿಲ್‌ಗಳು, ಪ್ರತಿ ಕೌನ್ಸಿಲ್‌ಗೆ ಒಬ್ಬ ಆಡಳಿತಾಧಿಕಾರಿ. ಹಳ್ಳಿಗಳಲ್ಲಿ ವಿಪತ್ತು ಮತ್ತು ಹವಾಮಾನ ಸಮಿತಿಗಳೂ ಇವೆ. ಲೆಕ್ಕ ಹುಟ್ಟಬೇಕಾದ್ದು ಇವರ ಪುಸ್ತಕದಲ್ಲಿ. ಜಾಗದ ಬದಲು ಕುಟುಂಬವನ್ನು ಹಿಡಿದು, ಗಾಳಿ ಬರುವ ಮುಂಚೆ ಪಟ್ಟಿ ಮಾಡಿಟ್ಟರೆ, ಬಂದ ಮೇಲೆ ಆ ಪಟ್ಟಿಯಲ್ಲಿ ಗುರುತು ಹಾಕಿದರಾಯಿತು. ಪಾಮ್ ನಂತರ ಜನ ಎಲ್ಲೆಲ್ಲಿದ್ದಾರೆಂದು ತಿಳಿಯಲು 2016ರಲ್ಲಿ ಒಂದು ಕಿರು ಜನಗಣತಿಯನ್ನೇ ನಡೆಸಬೇಕಾಯಿತು. ಒಳ್ಳೆಯ ಕೆಲಸವೇ. ಆದರೆ ಅದು ಪ್ರತಿ ಚಂಡಮಾರುತಕ್ಕೂ ಮಾಡಬಹುದಾದ ಕೆಲಸವಲ್ಲ.

ಕುಟುಂಬವನ್ನೇ ಯಾಕೆ ಹಿಡಿಯಬೇಕೆಂದರೆ ಅಂಬಾಯ್ ದ್ವೀಪದವರನ್ನು ನೋಡಿ. ಅಲ್ಲಿನ ಮನಾರೋ ಜ್ವಾಲಾಮುಖಿ 2017ರಲ್ಲಿ ಎದ್ದಾಗ ಸುಮಾರು 11,000 ಜನರ ಇಡೀ ದ್ವೀಪವನ್ನೇ ಖಾಲಿ ಮಾಡಿಸಿದರು. ಮರಳಿ ಬಂದರು. 2018ರಲ್ಲಿ ಬೂದಿ ಸುರಿದು ಮತ್ತೆ ಖಾಲಿ. ಕೆಲವರು ನೆರೆಯ ಸಾಂಟೋ ದ್ವೀಪದಲ್ಲಿ, ಕೆಲವರು ಮೇವೋ ದ್ವೀಪದಲ್ಲಿ ಬಿಡಾರ ಹೂಡಿದರು. 2020ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಚಂಡಮಾರುತ ಬಂದು ಬಡಿದದ್ದು ಆ ಸಾಂಟೋವನ್ನೇ. ಬೂದಿಯಿಂದ ತಪ್ಪಿಸಿಕೊಂಡು ಬಂದು ಹಾಕಿಕೊಂಡ ಗುಡಿಸಲು ಗಾಳಿಗೆ ಹೋದರೆ, ಊರ ಪ್ರಕಾರ ಎಣಿಸುವವನ ಪುಸ್ತಕದಲ್ಲಿ ಅದು ಸಾಂಟೋದ ಒಂದು ಗುಡಿಸಲು, ಅಷ್ಟೇ. ಎರಡು ಸಲ ಕಳೆದುಕೊಂಡ ಕುಟುಂಬ ಎಂಬುದು ಕಾಣುವುದೇ ಇಲ್ಲ.

ಹೆರಾಲ್ಡ್ ಕಾಲದಲ್ಲಿ ಇನ್ನೊಂದೂ ಆಯಿತು. ಕೋವಿಡ್‌ಗೆ ಗಡಿ ಮುಚ್ಚಿತ್ತು, ಹೊರದೇಶದ ತಜ್ಞರು ವಿಮಾನ ಹತ್ತಿ ಬರುವಂತಿರಲಿಲ್ಲ. ನೆಲದ ಮೇಲಿನ ಕೆಲಸ ಸ್ಥಳೀಯರದೇ ಆಯಿತು. ನಡೆಯಿತು. ಇದನ್ನು ಪ್ರತಿ ಸಭೆಯಲ್ಲೂ ಜ್ಞಾಪಿಸುವ ಆಸೆ ನನಗೆ.

ಪ್ರಶ್ನೆ: ಒಂದು ಮೊಬೈಲ್ ಆ್ಯಪ್ ಮಾಡಿಕೊಟ್ಟರೆ ಮುಗಿಯಿತಲ್ಲ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಆ್ಯಪ್ ಇದೆ. ಕೋಬೋ ಎಂಬ ಉಚಿತ ಸಾಧನದಲ್ಲಿ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ನಮೂನೆ ತಯಾರಿಸಿಕೊಳ್ಳಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ತುಂಬಿಟ್ಟು ಆಮೇಲೆ ಕಳಿಸಬಹುದು. ಹಾಗೆ ಯಾರು ಬೇಕಾದರೂ ತಯಾರಿಸಿಕೊಳ್ಳುವುದರಿಂದಲೇ ಹತ್ತು ನಮೂನೆಗಳಾಗಿರುವುದು. ದಾಸ್ತಾನಿಡುವ ತಂತ್ರಾಂಶಕ್ಕೂ ಕೊರತೆಯಿಲ್ಲ. ಡೆಸ್‌ಇನ್ವೆಂಟಾರ್ ಎಂಬುದು ಲ್ಯಾಟಿನ್ ಅಮೆರಿಕದ ಸಂಶೋಧಕರು 1994ರಲ್ಲಿ ಶುರುಮಾಡಿದ್ದು. ಜಿಲ್ಲೆ, ಊರು ಮಟ್ಟದ ಸಣ್ಣ ನಷ್ಟವನ್ನೂ ಬರೆದಿಡಬೇಕೆಂಬುದೇ ಅದರ ಹಟ. ಮುಂದೆ ವಿಶ್ವಸಂಸ್ಥೆ ಅದನ್ನೇ ಸೆಂಡೈ ವರದಿಗೆ ಹೊಂದಿಸಿಕೊಂಡಿತು.

ನಿಮ್ಮಂಥವರು ನಿಜಕ್ಕೂ ನೆರವಾಗಬಹುದಾದ್ದು ಗುರುತುಸಂಖ್ಯೆಯಲ್ಲಿ. 2023ರ ಮಾರ್ಚ್ ಮೊದಲ ವಾರವನ್ನು ನೆನೆಸಿಕೊಳ್ಳಿ. 1ರಂದು ಜೂಡಿ ಚಂಡಮಾರುತ, 3ರಂದು ಕೆವಿನ್, ಅದೇ ದಿನ 6.5 ತೀವ್ರತೆಯ ಭೂಕಂಪ. ಜೂಡಿ ತಗಡು ಎತ್ತಿತು, ಕೆವಿನ್ ಗೋಡೆ ಬೀಳಿಸಿತು ಎಂದಾದರೆ ಆ ಮನೆಯನ್ನು ಯಾವುದರ ಲೆಕ್ಕಕ್ಕೆ ಬರೆಯುತ್ತೀರಿ? ಪ್ರತಿ ವಿಪತ್ತಿಗೂ ಗ್ಲೈಡ್ ಎಂಬ ಅಂತರರಾಷ್ಟ್ರೀಯ ಸಂಖ್ಯೆ ಕೊಡುವ ಏರ್ಪಾಡಿದೆ, ವಿಪತ್ತಿನ ಬಗೆ, ವರ್ಷ, ಕ್ರಮಾಂಕ, ದೇಶ ಎಲ್ಲ ಅದರಲ್ಲಿ ಬರುತ್ತವೆ. ಆ ಸಂಖ್ಯೆ ಪ್ರತಿ ಇಲಾಖೆಯ ಪ್ರತಿ ಹಾಳೆಯ ನೆತ್ತಿಯ ಮೇಲೆ ಇರಬೇಕು. ಜೊತೆಗೆ ಹಳ್ಳಿಗೊಂದು ಸಂಕೇತ, ಕುಟುಂಬಕ್ಕೊಂದು ಸಂಕೇತ. ಈ ಮೂರಿದ್ದರೆ ನಮೂನೆ ಹತ್ತಾದರೂ ಕೂಡಿಸಬಹುದು. ಇಲ್ಲದಿದ್ದರೆ ನಿಮ್ಮ ಆ್ಯಪ್ ಹನ್ನೊಂದನೆಯದು.

ಇನ್ನೊಂದು ಮಾತು, ಸಿಟ್ಟು ಬೇಡ. ಒಂದು ಯೋಜನೆಯ ಹಣದಲ್ಲಿ ಕಟ್ಟಿದ ಚಂದದ ದತ್ತಾಂಶ ಜಾಲತಾಣವೊಂದು, ಯೋಜನೆ ಮುಗಿದ ಮೇಲೆ ಸರ್ವರ್ ಬಾಡಿಗೆ ಕಟ್ಟುವವರಿಲ್ಲದೆ ಮುಚ್ಚಿಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರೊಳಗಿನ ಅಂಕಿಗಳ ಪ್ರತಿ ಒಬ್ಬ ಸ್ಥಳೀಯ ನೌಕರನ ಪೆನ್‌ಡ್ರೈವ್‌ನಲ್ಲಿತ್ತು. ಆತ ಪುಣ್ಯಾತ್ಮ.

ಪ್ರಶ್ನೆ: ಹಂದಿ, ಚಾಪೆಗಳೂ ನಷ್ಟವೇ ಎಂದು ಒಂದು ಸಾಲು ಬರೆದು ಬಿಟ್ಟುಬಿಟ್ಟಿರಿ. ಅವಕ್ಕೆ ಬೆಲೆ ಕಟ್ಟುವುದು ಹೇಗೆ?
– ಗೃಹಿಣಿ, ಕುಮಟಾ

ಮುಂಡಿಗೆ ಚಾಪೆ ಹೆಣೆಯುವುದನ್ನು ನೋಡಿದವರಿಗೆ ಈ ಪ್ರಶ್ನೆ ಹೊಳೆಯುವುದು ಸಹಜ. ಅಲ್ಲಿಯ ಚಾಪೆಯೂ ಅದೇ ಕೇದಗೆಯ ಕುಲದ ಎಲೆಯದು. ಪೆಂಟೆಕೋಸ್ಟ್ ದ್ವೀಪದಲ್ಲಿ ಅದಕ್ಕೆ ಕೆಂಪು ಬಣ್ಣ ಕಟ್ಟುತ್ತಾರೆ. ಕೂತುಕೊಳ್ಳಲು ಅಲ್ಲ. ಮದುವೆಗೆ, ಸಾವಿಗೆ, ಜಗಳದ ರಾಜಿಗೆ ಕೊಡುವ ಸಂಪತ್ತು ಅದು. ಸುರುಳಿ ಕೋರೆಯ ಹಂದಿಯೂ ಹಾಗೆಯೇ, ಕೋರೆ ಸುತ್ತು ಬರಲು ವರ್ಷಗಟ್ಟಲೆ ಸಾಕಬೇಕು. ಚಾಪೆ, ಕೋರೆಗಳಲ್ಲೇ ಲೆಕ್ಕ ಇಡುವ ತಂಗ್‌ಬುನಿಯಾ ಎಂಬ ಸಾಂಪ್ರದಾಯಿಕ ಬ್ಯಾಂಕು ಕೂಡ ಆ ದ್ವೀಪದಲ್ಲಿದೆ.

ಹೆರಾಲ್ಡ್ ಹಾದುಹೋದದ್ದು ಪೆಂಟೆಕೋಸ್ಟ್ ಮೇಲೆಯೇ. ಅಂಥ ಗಾಳಿಗೆ ಮಾಡು ಹೋದರೆ ಮನೆಯ ಮೂಲೆಯಲ್ಲಿ ಮಡಿಸಿಟ್ಟ ಚಾಪೆಗಳ ಗತಿ ಏನು? ಅಧಿಕೃತ ಮೌಲ್ಯಮಾಪನದ ಭಾಷೆಯಲ್ಲಿ ಒಡೆದ ಆಸ್ತಿಯ ಬೆಲೆ ಒಂದು ಲೆಕ್ಕ, ಅದರಿಂದ ಮುಂದೆ ತಪ್ಪಿದ ಆದಾಯ ಇನ್ನೊಂದು ಲೆಕ್ಕ. ಪಾಮ್‌ಗೆ ಇವೆರಡೂ ಸೇರಿ ಸುಮಾರು 45 ಕೋಟಿ ಡಾಲರ್, ಆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಶೇ 64. ಪ್ರವಾಸಿ ಹೋಟೆಲಿನ ಕೊಠಡಿ ಖಾಲಿ ಬಿದ್ದರೆ ಅದರ ಬಾಡಿಗೆ ಈ ಲೆಕ್ಕದೊಳಗೆ ಸಲೀಸಾಗಿ ಕೂರುತ್ತದೆ, ಕಾಗದವಿದೆಯಲ್ಲ. ಹದಿನೈದು ಚಾಪೆ ಕೊಳೆತು ಮಗನ ಮದುವೆ ಮುಂದಕ್ಕೆ ಹೋದರೆ ಅದಕ್ಕೆ ಜಾಗ ಇಲ್ಲ.

ಡಾಲರಿನ ಬೆಲೆ ಕಟ್ಟಲು ಹೋಗಬೇಡಿ ಎಂದೇ ನಾನು ಹೇಳುತ್ತಿದ್ದೆ. ಕೆಂಪು ಚಾಪೆ ಇಷ್ಟು, ಕೋರೆಹಂದಿ ಇಷ್ಟು ಎಂದು ಸಂಖ್ಯೆಯಲ್ಲೇ ಬರೆಯಿರಿ. ಮತ್ತೆ ಹೆಣೆಯಲು ಎಷ್ಟು ತಿಂಗಳು, ಎಲೆಯ ಗಿಡ ಉಳಿದಿದೆಯೇ ಎಂದು ಚಾಪೆ ಹೆಣೆಯುವ ಹೆಂಗಸನ್ನೇ ಕೇಳಿ ಬರೆಯಿರಿ. ಸಮೀಕ್ಷೆಗೆ ಹೋದವರು ಸಾಮಾನ್ಯವಾಗಿ ಮಾತಾಡಿಸುವುದು ನಕಮಾಲ್ ಎಂಬ ಸಭಾಮನೆಯಲ್ಲಿ ಸೇರಿದ ಗಂಡಸರನ್ನು. ಅವರಿಗೆ ಚಾಪೆಯ ಲೆಕ್ಕ ಎಲ್ಲಿ ಗೊತ್ತಿರುತ್ತದೆ!

ಪ್ರಶ್ನೆ: ನಷ್ಟ ಹೆಚ್ಚು ತೋರಿಸಿದರೆ ನೆರವು ಹೆಚ್ಚು. ಬಡ ದೇಶಗಳು ಅಂಕಿ ಉಬ್ಬಿಸುವುದಿಲ್ಲವೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಎಲ್ಲೋ ಒಬ್ಬ ಮುಖ್ಯಸ್ಥ ಟಾರ್ಪಾಲು ಎರಡು ಹೆಚ್ಚು ಸಿಗಲೆಂದು ಮನೆ ಎರಡು ಹೆಚ್ಚು ಬರೆಸಿರಬಹುದು. ನಮ್ಮಲ್ಲಿ ಇಲ್ಲವೇ? ಆದರೆ ದೊಡ್ಡ ಹಣದ ದಾರಿ ಬೇರೆ. ಪಾಮ್ ನಂತರ ಪೆಸಿಫಿಕ್ ವಿಪತ್ತು ವಿಮೆಯಿಂದ ವನುವಾಟುವಿಗೆ 19 ಲಕ್ಷ ಡಾಲರ್ ಬಂತು, ಕೆಲವೇ ದಿನಗಳಲ್ಲಿ. ಅಷ್ಟು ಬೇಗ ಬಂದದ್ದು ಅದು ಯಾರ ಪಟ್ಟಿಯನ್ನೂ ಕೇಳದ ವಿಮೆಯಾದ್ದರಿಂದ. ಗಾಳಿಯ ವೇಗ ಎಷ್ಟು, ಅದರ ದಾರಿಯಲ್ಲಿ ಕಟ್ಟಡ, ಜನ ಎಷ್ಟು ಎಂದು ಗಣಕ ಮಾದರಿಯೊಂದು ಅಂದಾಜು ಹಾಕುತ್ತದೆ, ಮಿತಿ ದಾಟಿದರೆ ಹಣ. ಅಲ್ಲಿ ಉಬ್ಬಿಸಲು ಅವಕಾಶವೇ ಇಲ್ಲ. 45 ಕೋಟಿಯ ಮುಂದೆ 19 ಲಕ್ಷ ಎಷ್ಟು ಎಂದು ಬ್ಯಾಂಕಿನವರಾದ ನೀವೇ ಭಾಗಿಸಿ ನೋಡಿ.

ಈಗ ಇನ್ನೊಂದು ಬಾಗಿಲು ತೆರೆದಿದೆ. ಹವಾಮಾನ ಬದಲಾವಣೆಯಿಂದಾದ ನಷ್ಟಕ್ಕೆ ಜಾಗತಿಕ ನಿಧಿ ಬೇಕೆಂದು 2022ರ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ ಒಪ್ಪಲಾಯಿತು, ಮರುವರ್ಷ ದುಬೈನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳ ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಬೇಕೆಂದು ವಿಶ್ವಸಂಸ್ಥೆಯಲ್ಲಿ ಮುಂದಾಳತ್ವ ವಹಿಸಿದ್ದು ಇದೇ ಪುಟ್ಟ ವನುವಾಟು, ಅಭಿಪ್ರಾಯ 2025ರ ಜುಲೈನಲ್ಲಿ ಬಂದಿದೆ. ಈ ದಾರಿಯಲ್ಲಿ ಹಣ ಕೇಳುವಾಗ ಎದುರಿನವರು ಮೊದಲು ಕೇಳುವುದು ದಾಖಲೆಯನ್ನೇ. ಉಬ್ಬಿಸಿದ ಲೆಕ್ಕ ಅಲ್ಲಿ ಒಂದೇ ಪ್ರಶ್ನೆಗೆ ಒಡೆಯುತ್ತದೆ. ನನ್ನ ಆತಂಕ ಉಬ್ಬಿದ ಅಂಕಿಯದಲ್ಲ, ಬರೆಯದೇ ಬಿಟ್ಟ ಅಂಕಿಯದು.

ಪ್ರಶ್ನೆ: ದೊಡ್ಡ ಚಂಡಮಾರುತದ ಲೆಕ್ಕ ಸರಿ. ಪ್ರತಿ ಮಳೆ, ಪ್ರತಿ ಕುಸಿತವನ್ನೂ ಬರೆಯುತ್ತ ಕೂರಬೇಕೇ?
– ಓದುಗರು, ಮಡಿಕೇರಿ

ಕೊಡಗಿನವರು ಇದನ್ನು ಕೇಳಿದ್ದೀರಿ, ಆಶ್ಚರ್ಯ. ಬರೆಯಬೇಕು. ಜಗತ್ತಿನ ಹೆಚ್ಚು ಬಳಕೆಯ ವಿಪತ್ತು ದಾಖಲೆ ಬೆಲ್ಜಿಯಂನ ಎಂ-ಡ್ಯಾಟ್. ಅದರೊಳಗೆ ಬರಬೇಕಾದರೆ ಹತ್ತು ಜನ ಸತ್ತಿರಬೇಕು, ಇಲ್ಲವೇ ನೂರು ಜನ ಬಾಧಿತರಾಗಿರಬೇಕು, ಇಲ್ಲವೇ ತುರ್ತುಸ್ಥಿತಿ ಘೋಷಣೆಯೋ ಅಂತರರಾಷ್ಟ್ರೀಯ ನೆರವಿನ ಕೋರಿಕೆಯೋ ಆಗಿರಬೇಕು. ದೊಡ್ಡ ದೇಶಗಳನ್ನು ಹೋಲಿಸಲು ಈ ಜರಡಿ ಸರಿಯೇ. ಅರುವತ್ತು ಜನರ ದ್ವೀಪದಲ್ಲಿ ಉಬ್ಬರದಲೆ ಬಂದು ಇದ್ದೊಂದು ಸಿಹಿನೀರಿನ ಬಾವಿಗೆ ಉಪ್ಪು ಸೇರಿದರೆ ಅದು ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಅಂಥದ್ದು ವರ್ಷಕ್ಕೆರಡು ಸಲ ಆದರೆ ಆ ಊರು ಎದ್ದು ಬೇರೆ ಕಡೆ ಹೋಗುತ್ತದೆ, ಹೋದದ್ದೇಕೆಂದು ಯಾವ ದಾಖಲೆಯೂ ಹೇಳುವುದಿಲ್ಲ.

ಪ್ರಶ್ನೆ: ನಿಮಗೆ ಒಂದೇ ಒಂದು ಬದಲಾವಣೆ ಮಾಡುವ ಅಧಿಕಾರ ಕೊಟ್ಟರೆ?
– ಪಂಚಾಯಿತಿ ಸದಸ್ಯೆ, ಸಾಗರ

ಪಟ್ಟಿಯನ್ನು ಊರಿಗೆ ಮರಳಿಸುತ್ತೇನೆ. ಸಮೀಕ್ಷೆಯವರು ಬರುತ್ತಾರೆ, ಬರೆದುಕೊಳ್ಳುತ್ತಾರೆ, ದೋಣಿ ಹತ್ತುತ್ತಾರೆ. ತಮ್ಮ ಮನೆಯ ಬಗ್ಗೆ ಏನು ಬರೆದುಕೊಂಡರು ಎಂದು ಮನೆಯವರಿಗೆ ತಿಳಿಯುವುದೇ ಇಲ್ಲ. ನೀವು ಪಂಚಾಯಿತಿ ಗೋಡೆಗೆ ಫಲಾನುಭವಿಗಳ ಪಟ್ಟಿ ಹಚ್ಚಿದ ದಿನ ಎಷ್ಟು ತಕರಾರು ಬರುತ್ತದೆಂದು ನಿಮಗೆ ಗೊತ್ತು. ಆ ತಕರಾರೇ ನನಗೆ ಬೇಕಾದ್ದು. ನಕಮಾಲಿನ ಗೋಡೆಗೆ, ಚರ್ಚಿನ ಬಾಗಿಲಿಗೆ ಬಿಸ್ಲಾಮದಲ್ಲಿ ಬರೆದ ಪಟ್ಟಿ ಹಚ್ಚಬೇಕು. ತಪ್ಪಿದ್ದರೆ ಹೇಳಲು ಎರಡು ವಾರ ಸಮಯ ಕೊಡಬೇಕು. ತಿದ್ದುವ ಅಧಿಕಾರ ಏರಿಯಾ ಆಡಳಿತಾಧಿಕಾರಿಗೆ ಮಾತ್ರ ಇರಬೇಕು, ತಿದ್ದಿದ ದಿನಾಂಕ ಪಕ್ಕದಲ್ಲೇ ಬರಬೇಕು. ರಾಜಧಾನಿಯ ಯಾವ ಇಲಾಖೆಯೂ, ಎಷ್ಟೇ ದೊಡ್ಡ ದಾನಿ ಸಂಸ್ಥೆಯೂ ಅದನ್ನು ಬದಲಿಸಬೇಕಾದರೆ ಅವನ ಮೂಲಕವೇ ಬದಲಿಸಬೇಕು.

ಇದಕ್ಕೆ ತಗಲುವುದು ಕಾಗದ, ಮಸಿ, ಆಡಳಿತಾಧಿಕಾರಿಯ ದೋಣಿಯ ಡೀಸೆಲ್. ದೊಡ್ಡ ಯೋಜನೆಗಳ ಆಯವ್ಯಯದಲ್ಲಿ ಕಾರ್ಯಾಗಾರಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಡೀಸೆಲ್‌ಗೆ ಸಿಕ್ಕಿದ್ದು ನಾನು ಇದ್ದಷ್ಟು ಕಾಲ ಕಾಣಲಿಲ್ಲ.